ಜೇಬಿನ ಮಡಚು ಚಾಕು: ಬಾಳಿಕೆ ಮತ್ತು ಬಳಕೆ

ಬಂದಳಿಕೆಯ ಗುಡಿಗಳನ್ನು ನೋಡದ ಸದಸ್ಯರು ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ವಿರಳ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಪದವಿಯನ್ನು ನಿರ್ವಹಿಸಿದ ಜಕ್ಕಿಯಬ್ಬೆಯ ಹೆಸರು ಅಲ್ಲಿನ 10ನೆಯ ಶತಮಾನದ ಶಾಸನದಲ್ಲಿದೆ. ಅಕ್ಷರಗಳು ಇಂದಿಗೂ ಉಳಿದಿವೆ. ಕೆತ್ತಿದ ಉಳಿ ಎಂದೋ ಮಣ್ಣಾಗಿದೆ. ಕಲ್ಲು ತಾನಾಗಿ ಬಾಳುತ್ತದೆ, ಕಬ್ಬಿಣವನ್ನು ನಾವು ಬಾಳಿಸಬೇಕು. ಬೆಳೆಗಾರನ ಜೇಬಿನಲ್ಲಿರುವ ಮಡಚು ಚಾಕುವಿನ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ.

ಮೆಣಸಿನ ಬಳ್ಳಿ ಕತ್ತರಿಸಲು, ಕಾಫಿ ಗಿಡದ ಬೇಡದ ಚಿಗುರು ತೆಗೆಯಲು, ಗೋಣಿಚೀಲದ ಹುರಿ ಬಿಚ್ಚಲು, ಕವಳಕ್ಕೆ ಅಡಿಕೆ ಹೋಳು ಮಾಡಲು ನಮಗೆ ದಿನವಿಡೀ ಬೇಕಾದದ್ದು ಇದೊಂದೇ. ನಾವು ಬಳಸುತ್ತಿರುವ ಚಾಕುವಿಗೆ ಮೂವತ್ತು ವರ್ಷ ದಾಟಿದೆ. ಮಸೆದು ಮಸೆದು ಅಲಗಿನ ಅಗಲ ಅರ್ಧವಾಗಿದೆ, ಬೀಟೆ ಮರದ ಹಿಡಿ ನುಣುಪಾಗಿದೆ. ಆದರೂ ಕೀಲು ಅಲುಗಿಲ್ಲ. ಅದು ತುಕ್ಕು ಹಿಡಿಯುವ ಜಾತಿಯ ಹಳೆಯ ಉಕ್ಕು. ಇಂಥದನ್ನು ಬಿಸುಟು ಹೊಳೆಯುವ ಸ್ಟೇನ್‌ಲೆಸ್ ಚಾಕು ಕೊಳ್ಳುವ ಸದಸ್ಯರಿಗೆ ನಮ್ಮ ಮಾತು: ತುಸು ತಾಳಿರಿ.

ಅಡಿಕೆಯ ಚೊಗರು ತಾಗಿದಾಗ ಹಳೆಯ ಉಕ್ಕು ಕಪ್ಪಾಗುವುದನ್ನು ಕಂಡು ಹಲವರು ಚಾಕು ಕೆಟ್ಟಿತೆಂದು ತಿಳಿಯುತ್ತಾರೆ. ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಬಣ್ಣ ಅದು. ಹರಿತಕ್ಕೆ ಅದರಿಂದ ಭಂಗವಿಲ್ಲ. ಕೆಂಪು ತುಕ್ಕು ಮಾತ್ರ ಅಲಗನ್ನು ತಿನ್ನುತ್ತದೆ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಆರಂಭಿಸಿದ ಮರದ ಹಿಡಿಯ ಮಡಚು ಚಾಕು ರೈತರ ಜೇಬು ಸೇರಿ ಹೆಸರಾಯಿತು. ಸ್ಟೇನ್‌ಲೆಸ್ ಬಂದ ಮೇಲೂ ಅಲ್ಲಿ ಹಳೆಯ ಬಗೆಯ ಉಕ್ಕಿನ ಅಲಗನ್ನು ಕೈಬಿಟ್ಟಿಲ್ಲ.

ಅದೇ ದೇಶದ ದ್ರಾಕ್ಷಿ ತೋಟಗಳಿಂದ ನಮಗೆ ಬಂದ ಇನ್ನೊಂದು ವಸ್ತು ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಕುರಿತ ವರದಿಯನ್ನು 1910ರಲ್ಲಿ ಪ್ರಕಟಿಸಿದರು. ಇಂದಿಗೂ ಆ ರೋಗಕ್ಕೆ ಬೋರ್ಡೋ ದ್ರಾವಣವೇ ಮುಖ್ಯ ಆಸರೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಸುಣ್ಣ ಹಳತಾಗಿ ಸತ್ವಗುಂದಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಉಳಿದ ತಾಮ್ರ ಎಳೆಗಾಯಿಯನ್ನು ಸುಡುತ್ತದೆ.

ಇದನ್ನು ಪರೀಕ್ಷಿಸಲು ಹಳೆಯ ಚಾಕು ಸಾಕು. ಅಲಗಿನ ಎಣ್ಣೆ ಒರೆಸಿ, ಬೂದಿಯಲ್ಲಿ ಉಜ್ಜಿ ಹೊಳಪು ಬರಿಸಿ, ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಬೆರೆಸಿ ಮತ್ತೆ ನೋಡಿರಿ. ಕೆಂಪು ಕೂರದಿದ್ದರೆ ಸಿಂಪಡಿಸಬಹುದು. ಸ್ಟೇನ್‌ಲೆಸ್ ಅಲಗಿನ ಮೇಲ್ಪದರ ತಾಮ್ರವನ್ನು ಹಿಡಿಯಗೊಡದು; ಕೆಟ್ಟ ದ್ರಾವಣದಲ್ಲೂ ಅದು ಹೊಳೆಯುತ್ತಲೇ ಹೊರಬರುತ್ತದೆ. ಅದನ್ನು ನಂಬಿದವರ ತೋಟದ ಗತಿ ಹೇಳಬೇಕಾಗಿಲ್ಲ.

ಇನ್ನು ಜೋಪಾನದ ಮಾತು. ಪರೀಕ್ಷೆ ಮುಗಿದೊಡನೆ ಅಲಗನ್ನು ತೊಳೆದು ಉಜ್ಜಿರಿ. ತಾಮ್ರ ಅಂಟಿದಲ್ಲಿ ತುಕ್ಕು ಬೇಗ ಹತ್ತುತ್ತದೆ. ಒದ್ದೆ ಚಾಕುವನ್ನು ಮಡಚಿಡಬೇಡಿರಿ. ಬಾಳೆಯ ಸೊನೆ, ನಾರು, ಮಣ್ಣು ಹಿಡಿಯ ಸೀಳಿನಲ್ಲಿ ತುಂಬಿದರೆ ಮೊದಲು ಕೆಡುವುದು ಕೀಲು. ಕಡ್ಡಿಯಿಂದ ಕೆದಕಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ತೊಟ್ಟು ಬಿಟ್ಟರೆ ಸಾಕು. ಅಲಗಿಗೆ ಕೊಬ್ಬರಿ ಎಣ್ಣೆ ಸವರಬಹುದು. ಸಂತೆಯಲ್ಲಿ ತಿರುಗುವ ಸಾಣೆ ಚಕ್ರಕ್ಕೆ ಕೊಡುವುದಕ್ಕಿಂತ ನೀರು ಹಾಕಿ ಕಲ್ಲಿನ ಮೇಲೆ ಮಸೆಯುವುದೇ ಲೇಸು. ಚಕ್ರದ ಬಿಸಿಗೆ ಅಂಚು ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋಯಿತು. ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲದು. ಸೊರಗಿದ ಮೆಣಸಿನ ಬಳ್ಳಿ ಕತ್ತರಿಸಿದ ಚಾಕುವನ್ನು ಸ್ಪಿರಿಟ್‌ನಿಂದ ಒರೆಸದೆ ಒಳ್ಳೆಯ ಬಳ್ಳಿಗೆ ತಾಗಿಸಬಾರದು.

ಮುಂಗಾರಿಗೆ ಮುಂಚಿನ ಸಿಂಪಡಣೆ, ಅದಾದ 40-45 ದಿನಗಳಿಗೆ ಎರಡನೆಯದು: ಎರಡು ಸಲವೂ ಪ್ರತಿ ಪೀಪಾಯಿಗೆ ಚಾಕು ಅದ್ದಿ ನೋಡಿಯೇ ಕೊನೆಗಾರನನ್ನು ಮರ ಹತ್ತಿಸಿರಿ. ಅಟ್ಟದ ಮೇಲೆ ಅಜ್ಜನ ಕಾಲದ ಚಾಕು ತುಕ್ಕು ಹಿಡಿದು ಬಿದ್ದಿದ್ದರೆ ಈ ವಾರವೇ ಇಳಿಸಿ ಮಸೆಯಿರೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.