ಒಂಬತ್ತು ಗಜ, ಹದಿನಾರಾಣೆ

ಧಾರವಾಡದ ನನ್ನ ಇಂಗ್ಲಿಷ್ ತರಗತಿಯಲ್ಲಿ ಮೊನ್ನೆ ‘ದಿ ಹೋಲ್ ನೈನ್ ಯಾರ್ಡ್ಸ್’ ಎಂಬ ಮಾತು ಬಂತು. ಏನೂ ಉಳಿಸದೆ, ಇದ್ದದ್ದೆಲ್ಲಾ ಅಂತ ಅರ್ಥ. ಚಪ್ಪರ, ವಾಲಗ, ಊಟ, ಆಹೇರಿ ಯಾವುದಕ್ಕೂ ಕೈ ಬಿಗಿ ಹಿಡಿಯದೆ ಮದುವೆ ಮಾಡಿದರೆ ಅಮೆರಿಕದವರು ಹಾಗೆನ್ನುತ್ತಾರೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಸರ, ಅದು ನಮ್ಮಜ್ಜಿ ಸೀರಿ ಅಳತಿ ಅಲ್ಲೇನ್ರಿ?’

ಪ್ರಶ್ನೆ ಪೊಳ್ಳಲ್ಲ. ಕಚ್ಚೆ ಹಾಕಿ ಉಡುವ ಇಳಕಲ್ ಸೀರೆ ಒಂಬತ್ತು ಗಜ. ಮೊಳದ ಲೆಕ್ಕದಲ್ಲಿ ಹದಿನೆಂಟು. ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಗಳಲ್ಲಿ ನಮ್ಮ ದೊಡ್ಡವ್ವ ಮೀಟರ್ ಕೋಲನ್ನು ನಂಬಿದವಳೇ ಅಲ್ಲ. ಅಂಚನ್ನು ಮೊಣಕೈಗೆ ಹಚ್ಚಿ, ನಡುಬೆರಳ ತುದಿಗೆ ಎಳೆದು, ಬಾಯಲ್ಲೇ ಎಣಿಸುತ್ತ ಹೋಗುವಳು. ಹದಿನೇಳಕ್ಕೆ ಬಟ್ಟೆ ಮುಗಿದರೆ ಸೀರೆ ವಾಪಸ್. ಕಚ್ಚೆಗೆ ಸಾಲದ ಸೀರೆ ಯಾರಿಗೆ ಬೇಕು?

ಆದರೂ ಹುಡುಗಿಗೆ ಹೌದೆನ್ನಲು ಆಗಲಿಲ್ಲ. ಸೀರೆಯ ಕತೆ ಅಮೆರಿಕದಲ್ಲೂ ಓಡಾಡಿದೆ, ಜೊತೆಗೆ ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಗುಂಡಿನ ಸರ 27 ಅಡಿ ಇತ್ತೆಂಬ ಕತೆಯೂ. ಹಳೇ ಪತ್ರಿಕೆ ತೆಗೆದು ನೋಡಿದವರು ಎರಡನ್ನೂ ಕೆಡವಿದರು. 1907ರಲ್ಲೇ ಇಂಡಿಯಾನಾದ ಒಂದು ಊರಪತ್ರಿಕೆ ಬೇಸ್‌ಬಾಲ್ ಆಟದ ಸುದ್ದಿಯಲ್ಲಿ ‘ಪೂರ್ತಿ ಒಂಬತ್ತು ಗಜ’ ಎಂದಿತ್ತು. 1912ರ ಕೆಂಟಕಿ ಪತ್ರಿಕೆಯಲ್ಲಿ ಅದು ಆರೇ ಗಜ! ಆರೂ ನಡೆಯುತ್ತದೆ, ಒಂಬತ್ತೂ ನಡೆಯುತ್ತದೆ ಅಂದಮೇಲೆ ಅದರ ಹಿಂದೆ ಅಳೆದ ಬಟ್ಟೆ ಇದ್ದೀತೆಂದು ನನಗನಿಸುವುದಿಲ್ಲ. ದೊಡ್ಡವ್ವನಿಗೆ ಹೇಳಿದ್ದರೆ ನಕ್ಕು ಬಿಡುತ್ತಿದ್ದಳು.

ವಿಚಿತ್ರ ನೋಡಿ, ಅಷ್ಟುದ್ದದ ಸೀರೆ ಉಟ್ಟ ನಾವು ಪೂರ್ತಿ ಎನ್ನಲು ಸೀರೆ ಹಿಡಿಯಲಿಲ್ಲ, ರೂಪಾಯಿ ಹಿಡಿದೆವು. ‘ಹದಿನಾರಾಣೆ ಖರೆ’ ಅಂದರೆ ಮುಗೀತು. ಹದಿನಾರು ಆಣೆ ಕೂಡಿದರೆ ಒಂದು ರೂಪಾಯಿ. ಒಂದಾಣೆ ಕಡಿಮೆಯಾದರೂ ಮಾತಿನಲ್ಲಿ ಸುಳ್ಳು ಬೆರೆತಂತೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ಆಣೆ ಲೆಕ್ಕ ಹೋಯಿತು. ನಾಲ್ಕಾಣೆ ಎಂದೇ ಕರೆಸಿಕೊಳ್ಳುತ್ತಿದ್ದ 25 ಪೈಸೆಯೂ 2011ರ ಜೂನ್‌ಗೆ ಚಲಾವಣೆ ಕಳಕೊಂಡಿತು. ಬಾಯಲ್ಲಿ ಮಾತ್ರ ಆಣೆ ಇನ್ನೂ ಸವೆದಿಲ್ಲ.

ಇಷ್ಟನ್ನೂ ತರಗತಿಯಲ್ಲಿ ಹೇಳಿ ಸುಣ್ಣದ ಕಡ್ಡಿ ಕೆಳಗಿಟ್ಟೆ. ಅದೇ ಹುಡುಗಿ ಮತ್ತೆ ಕೈ ಎತ್ತಿದಳು.

‘ಸರ, ಒಂದಾಣೆ ಅಂದ್ರ ಎಷ್ಟ ಪೈಸಾರೀ?’

ಆರೂಕಾಲು ಎಂದೆ. ಅವಳು ಅದನ್ನು ಬರೆದುಕೊಂಡಳು.