ಹಳೇ ಟರ್ಬೊ ಕಾರು ಕೊಂಡು ಪವರ್ ಹೆಚ್ಚಿಸುವ ಪ್ಲಾನ್ ಇದೆಯಾ? ಆಟೋನಗರ್‌ಗೆ ಹೋಗುವ ಮುನ್ನ ಈ ವಿಷಯಗಳು ಗೊತ್ತಿರಲಿ

ಕಡಿಮೆ ಬೆಲೆಗೆ ಸಿಗುವ ಹಳೇ ಟರ್ಬೊ ಕಾರು, ಅದಕ್ಕೊಂದು 'ರೀಮ್ಯಾಪ್', ಜೊತೆಗೆ ದೊಡ್ಡ ಸೈಲೆನ್ಸರ್. ಇಷ್ಟಾದರೆ ಹೊಸ ಕಾರಿನ ಅರ್ಧ ಬೆಲೆಯಲ್ಲಿ ಅದಕ್ಕಿಂತ ವೇಗದ ಕಾರು ಕೈಗೆ ಬರುತ್ತದೆ ಎಂಬುದು ಹಲವು ಯುವಕರ ಲೆಕ್ಕಾಚಾರ. ಬಳ್ಳಾರಿ, ರಾಯಚೂರು, ಬೆಂಗಳೂರಿನ ಕಡೆಯವರು ಇಂಥ ಕಾರು ಮತ್ತು ಬಿಡಿಭಾಗಗಳಿಗಾಗಿ ಆಂಧ್ರಪ್ರದೇಶದ ವಿಜಯವಾಡ, ವಿಶಾಖಪಟ್ಟಣದ ಆಟೋನಗರ್‌ಗಳತ್ತ ನೋಡುವುದೂ ಉಂಟು. ಆದರೆ ಈ ಲೆಕ್ಕದಲ್ಲಿ ಎಂಜಿನ್‌ನ ಆರೋಗ್ಯ, ಪ್ರವಾಹದ ನೀರು, ರಸ್ತೆ ತೆರಿಗೆ ಮತ್ತು ಕಾನೂನು ಸೇರಿರುವುದಿಲ್ಲ. ಇವನ್ನು ಬಿಟ್ಟು ಕಾರು ಕೊಂಡರೆ ದುಡ್ಡು ಮಾತ್ರವಲ್ಲ, ಜೀವಕ್ಕೂ ಅಪಾಯ. ಖರೀದಿಗೆ ಮುನ್ನ ತಿಳಿದಿರಬೇಕಾದ ಅಂಶಗಳು ಇಲ್ಲಿವೆ.

ಆಟೋನಗರ್‌ನಲ್ಲಿ ಏನು ಸಿಗುತ್ತದೆ?

ವಿಜಯವಾಡದ ಪಟಮಟ, ಕಾನೂರು ಪಕ್ಕದಲ್ಲಿರುವ ಜವಾಹರ್ ಆಟೋನಗರ್ 1960ರ ದಶಕದಲ್ಲಿ ಶುರುವಾದದ್ದು. ಇಡೀ ಬಡಾವಣೆಯೇ ವಾಹನಗಳ ಕೆಲಸಕ್ಕೆ ಮೀಸಲು. ಲಾರಿ, ಬಸ್‌ಗಳ ಬಾಡಿ ಕಟ್ಟುವುದು ಇಲ್ಲಿನ ಮುಖ್ಯ ಕಸುಬು. ಅದರ ಸುತ್ತಲೇ ಲೇತ್, ಟಿಂಕರಿಂಗ್, ಪೇಂಟಿಂಗ್, ರೇಡಿಯೇಟರ್, ಗೇರ್‌ಬಾಕ್ಸ್ ರಿಪೇರಿ, ಹೊಸ ಹಾಗೂ ಹಳೇ ಬಿಡಿಭಾಗಗಳ ಅಂಗಡಿಗಳು ಬೆಳೆದಿವೆ. ವಿಶಾಖಪಟ್ಟಣದ ಗಾಜುವಾಕ ಬಳಿಯೂ ಇಂಥದ್ದೇ ಆಟೋನಗರ್ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಒಂದೇ ಕಡೆ ಸೇರಿಸಿದಂತೆ ಎಂದರೆ ಚಿತ್ರಣ ಸಿಗಬಹುದು.

ಲಾರಿಗಳ ಡೀಸೆಲ್ ಎಂಜಿನ್‌ನಿಂದಾಗಿ ಇಲ್ಲಿನ ಮೆಕ್ಯಾನಿಕ್‌ಗಳಿಗೆ ಟರ್ಬೊ ಹೊಸದೇನಲ್ಲ. ಪೈಪ್, ವೆಲ್ಡಿಂಗ್, ರೇಡಿಯೇಟರ್‌ನಂಥ ಕೆಲಸಕ್ಕೆ ಇದು ಒಳ್ಳೆಯ ಜಾಗ. ಆದರೆ ಸಣ್ಣ ಪೆಟ್ರೋಲ್ ಕಾರಿನ ಕಂಪ್ಯೂಟರನ್ನು ಟ್ಯೂನ್ ಮಾಡುವುದು ಬೇರೆಯದೇ ವಿದ್ಯೆ. ಅದಕ್ಕೆ ಲ್ಯಾಪ್‌ಟಾಪ್, ಡೇಟಾ ಲಾಗ್, ಡೈನೊ ಯಂತ್ರ ಬೇಕು. ಲಾರಿ ಎಂಜಿನ್ ಬಿಚ್ಚಿ ಕಟ್ಟುವವರೆಲ್ಲ ಇದನ್ನೂ ಮಾಡಬಲ್ಲರು ಎಂದುಕೊಳ್ಳುವುದು ತಪ್ಪು.

ಟರ್ಬೊ ಕಾರೇ ಯಾಕೆ?

ಎಂಜಿನ್‌ನಿಂದ ಹೊರಬರುವ ಬಿಸಿ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಉರಿಸಬಹುದು, ಪವರ್ ಹೆಚ್ಚುತ್ತದೆ. ಒಂದು ಉದಾಹರಣೆ: ಫೋಕ್ಸ್‌ವ್ಯಾಗನ್ ಪೋಲೊದ 1.2 ಲೀಟರ್ ಸಾಮಾನ್ಯ ಪೆಟ್ರೋಲ್ ಎಂಜಿನ್ 75 ಪಿಎಸ್ ಕೊಡುತ್ತಿತ್ತು. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐನ 1.2 ಲೀಟರ್ ಟರ್ಬೊ ಎಂಜಿನ್ 105 ಪಿಎಸ್ ಕೊಟ್ಟಿತು.

ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು ಎಂಬುದನ್ನು ಕಾರಿನ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್ ನಿರ್ಧರಿಸುತ್ತದೆ. ಅದರ ಸಾಫ್ಟ್‌ವೇರ್ ಬದಲಿಸಿ ಒತ್ತಡ ಏರಿಸುವುದೇ ರೀಮ್ಯಾಪ್. ಟರ್ಬೊ ಇಲ್ಲದ ಕಾರಿನಲ್ಲಿ ಇದರಿಂದ ಸಿಗುವ ಲಾಭ ಅಲ್ಪ. ಟರ್ಬೊ ಕಾರಿನಲ್ಲಿ ವ್ಯತ್ಯಾಸ ಮೊದಲ ಸವಾರಿಯಲ್ಲೇ ಗೊತ್ತಾಗುತ್ತದೆ. ಹೀಗಾಗಿಯೇ ಇವುಗಳಿಗೆ ಬೇಡಿಕೆ.

ಆದರೆ ಕಂಪನಿ ಬಿಟ್ಟಿರುವ ಆ ಅಂತರ ಸುಮ್ಮನೆ ಬಿಟ್ಟದ್ದಲ್ಲ. ಬೇಸಿಗೆಯ ಬಿಸಿಲು, ಕಳಪೆ ಪೆಟ್ರೋಲ್, ತಡವಾದ ಆಯಿಲ್ ಚೇಂಜ್ ಎಲ್ಲವನ್ನೂ ಎಂಜಿನ್ ತಾಳಿಕೊಳ್ಳಲಿ ಎಂದು ಇಟ್ಟ ಸುರಕ್ಷತೆಯ ಅಂತರ ಅದು. ರೀಮ್ಯಾಪ್ ಅದನ್ನು ಕಿರಿದಾಗಿಸುತ್ತದೆ. ಗಟ್ಟಿಮುಟ್ಟಾದ ಎಂಜಿನ್ ಅದನ್ನು ತಡೆದುಕೊಳ್ಳಬಹುದು. ಮೊದಲೇ ಬಳಲಿರುವ ಎಂಜಿನ್ ತಡೆಯುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಕಾರುಗಳು ಯಾವುವು?

ಪೋಲೊ ಜಿಟಿ ಟಿಎಸ್‌ಐ: ಇದರ 7 ಸ್ಪೀಡ್ ಡಿಎಸ್‌ಜಿ ಗೇರ್‌ಬಾಕ್ಸ್ ಒಣ ಕ್ಲಚ್‌ನದ್ದು. ಅದರ ಗರಿಷ್ಠ ಸಾಮರ್ಥ್ಯ 250 ಎನ್‌ಎಂ ಟಾರ್ಕ್. ಕಾರು ಕಂಪನಿಯಿಂದ ಬರುವಾಗ 175 ಎನ್‌ಎಂ ಇರುತ್ತದೆ. ರೀಮ್ಯಾಪ್‌ನಲ್ಲಿ ಈ ಮಿತಿಯ ಹತ್ತಿರ ಹೋದಷ್ಟೂ ಗೇರ್‌ಬಾಕ್ಸ್ ಖರ್ಚಿನ ಭಯ ಹೆಚ್ಚು. 2020ರ ನಂತರದ 1.0 ಟಿಎಸ್‌ಐ ಮ್ಯಾನ್ಯುವಲ್ ಈ ದೃಷ್ಟಿಯಿಂದ ಸರಳ.

ಫಿಯೆಟ್ ಅಬಾರ್ಥ್ ಪುಂಟೊ: 1.4 ಲೀಟರ್ ಟಿ-ಜೆಟ್ ಎಂಜಿನ್, 145 ಪಿಎಸ್. ಓಡಿಸಲು ಮಜಾ. ಆದರೆ ಫಿಯೆಟ್ ಭಾರತದಲ್ಲಿ ಕಾರು ಮಾರಾಟ ನಿಲ್ಲಿಸಿರುವುದರಿಂದ ಬಿಡಿಭಾಗ ಹುಡುಕುವುದೇ ಕೆಲಸವಾಗುತ್ತದೆ.

ಮಾರುತಿ ಬಲೆನೊ ಆರ್‌ಎಸ್: 1.0 ಲೀಟರ್ ಬೂಸ್ಟರ್‌ಜೆಟ್, 102 ಪಿಎಸ್. ಇತರ ಬಿಡಿಭಾಗ ಸುಲಭವಾಗಿ ಸಿಕ್ಕರೂ ಈ ಎಂಜಿನ್‌ನ ಭಾಗಗಳ ಬಗ್ಗೆ ಮೊದಲೇ ವಿಚಾರಿಸಬೇಕು.

1.3 ಲೀಟರ್ ಡೀಸೆಲ್ ಕಾರುಗಳು: ಸ್ವಿಫ್ಟ್‌ನಲ್ಲಿ 75 ಪಿಎಸ್ ಕೊಡುತ್ತಿದ್ದ ಇದೇ ಎಂಜಿನ್, ಬೇರೆ ಬಗೆಯ ಟರ್ಬೊದೊಂದಿಗೆ ಸಿಯಾಜ್, ಎರ್ಟಿಗಾದಲ್ಲಿ 90 ಪಿಎಸ್ ಕೊಟ್ಟಿತು. ಬಿಡಿಭಾಗ ಎಲ್ಲೆಡೆ ಲಭ್ಯ. ಆದರೆ ಇವುಗಳಲ್ಲಿ ಟ್ಯಾಕ್ಸಿಯಂತೆ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದವೇ ಹೆಚ್ಚು. ಮೀಟರ್ ತೋರಿಸುವ ಅಂಕಿಯನ್ನು ನಂಬದೆ ಸರ್ವಿಸ್ ದಾಖಲೆ ಕೇಳಬೇಕು.

ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆ ಎಚ್ಚರ

2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಅಜಿತ್ ಸಿಂಗ್ ನಗರ ಸೇರಿದಂತೆ ಹಲವು ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದವು. ಮನೆ ಮುಂದೆ ನಿಂತಿದ್ದ ಸಾವಿರಾರು ವಾಹನಗಳೂ ಮುಳುಗಿದವು. 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಭಾಗದಲ್ಲಿ, 2023ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಆದದ್ದೂ ಇದೇ. ಇಂಥ ಕಾರುಗಳು ತೊಳೆದು, ಒಣಗಿಸಿ, ಪಾಲಿಶ್ ಆಗಿ ಮತ್ತೆ ಮಾರುಕಟ್ಟೆಗೆ ಬರುತ್ತವೆ.

ಸಾಮಾನ್ಯ ಬಳಕೆಗೇ ಇವು ತಲೆನೋವು. ಟ್ಯೂನಿಂಗ್‌ಗಂತೂ ಬೇಡವೇ ಬೇಡ. ಸಿಲಿಂಡರ್ ಒಳಗೆ ನೀರು ಹೋದಾಗ ಯಾರಾದರೂ ಸ್ಟಾರ್ಟ್ ಮಾಡಿದ್ದರೆ ಕನೆಕ್ಟಿಂಗ್ ರಾಡ್ ತುಸು ಬಾಗಿರಬಹುದು. ಅಂಥ ಎಂಜಿನ್ ನಿಧಾನವಾಗಿ ಓಡಿಸಿದರೆ ಕೆಲಕಾಲ ಓಡುತ್ತದೆ. ರೀಮ್ಯಾಪ್ ಮಾಡಿ ಒತ್ತಡ ಏರಿಸಿದ ದಿನ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ಸೀಳಬಹುದು.

ಪತ್ತೆ ಹಚ್ಚುವುದು ಹೀಗೆ: ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಕೆಳಗಿನ ಹಳಿ, ಸ್ಟೆಪ್ನಿ ಇಡುವ ಗುಂಡಿ, ಫ್ಯೂಸ್ ಬಾಕ್ಸ್ ಮೂಲೆಗಳಲ್ಲಿ ತುಕ್ಕು, ಒಣಮಣ್ಣು ಹುಡುಕಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ವಿಶಾಖಪಟ್ಟಣದ ಕಾರಾದರೆ ಸಮುದ್ರದ ಉಪ್ಪುಗಾಳಿಗೆ ಅಡಿಭಾಗ ತುಕ್ಕು ಹಿಡಿದಿದೆಯೇ ಎಂದು ಲಿಫ್ಟ್ ಮೇಲೆ ಏರಿಸಿಯೇ ನೋಡಬೇಕು.

ಎಂಜಿನ್ ಮತ್ತು ಟರ್ಬೊ ಪರೀಕ್ಷೆ ಹೇಗೆ?

- ನೋಡಲು ಹೋಗುವ ಮುನ್ನ ಕಾರು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿ. ತಣ್ಣಗಿರುವ ಎಂಜಿನ್ ತನ್ನ ಕಾಯಿಲೆಯನ್ನು ಬಚ್ಚಿಡಲಾರದು. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಕಾರಣ ಕೇಳಿ.
- ಕೆಲ ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್ ಹೋಗಿರಬಹುದು.
- ಗಾಳಿ ಒಳಹೋಗುವ ಪೈಪ್ ಬಿಚ್ಚಿಸಿ ಟರ್ಬೊ ಶಾಫ್ಟನ್ನು ಬೆರಳಿನಿಂದ ಅಲುಗಿಸಿ ನೋಡಿ. ಅಕ್ಕಪಕ್ಕ ತುಸು ಅಲುಗುವುದು ಸಹಜ. ಹಿಂದೆ ಮುಂದೆ ಅಲುಗಿದರೆ, ರೆಕ್ಕೆಗಳು ಗೋಡೆಗೆ ತಾಗುತ್ತಿದ್ದರೆ ಟರ್ಬೊದ ಆಯಸ್ಸು ಮುಗಿದಿದೆ.
- ಆಯಿಲ್ ಮುಚ್ಚಳದ ಒಳಗೆ ಮೊಸರಿನಂಥ ಬಿಳಿ ಅಂಟು ಹೆಚ್ಚಾಗಿ ಕಂಡರೆ ಕೂಲೆಂಟ್ ಮಿಶ್ರವಾಗುತ್ತಿರುವ ಶಂಕೆ.
- ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್ ಇಲ್ಲ ಎಂದು ಖುಷಿಪಡುವ ಮುನ್ನ 'ರೆಡಿನೆಸ್' ಪರೀಕ್ಷೆಗಳು ಪೂರ್ಣವಾಗಿವೆಯೇ ನೋಡಿ. ಅಪೂರ್ಣವಾಗಿದ್ದರೆ ಕೋಡ್‌ಗಳನ್ನು ಇತ್ತೀಚೆಗಷ್ಟೇ ಅಳಿಸಿರಬಹುದು.
- ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದರಲ್ಲಿ ಕಡಿಮೆ ಬಂದರೆ ವ್ಯವಹಾರ ಬಿಡುವುದೇ ಲೇಸು.

ಈಗಾಗಲೇ ರೀಮ್ಯಾಪ್ ಆಗಿರುವ ಕಾರಾದರೆ ಕಂಪನಿಯ ಮೂಲ ಸಾಫ್ಟ್‌ವೇರ್ ಫೈಲ್ ಇದೆಯೇ, ಯಾರು ಮಾಡಿದ್ದು ಎಂದು ಕೇಳಲೇಬೇಕು. ಹಿಂದಿನವರು ಎಂಜಿನ್‌ಗೆ ಎಷ್ಟು ದಂಡಿಸಿದ್ದಾರೆ ಎಂಬುದು ಆರ್‌ಸಿಯಲ್ಲಿ ಬರೆದಿರುವುದಿಲ್ಲ.

ಆಂಧ್ರದ ಕಾರು ಕರ್ನಾಟಕಕ್ಕೆ ತಂದರೆ?

ಬೆಲೆ ಕಡಿಮೆ ಎಂದು ಹೊರರಾಜ್ಯದ ಕಾರು ಕೊಂಡವರು ಎಡವುವುದು ಇಲ್ಲೇ. ಮೂಲ ಆರ್‌ಟಿಒದಿಂದ ಫಾರಂ 28ರ ಮೂಲಕ ಎನ್‌ಒಸಿ ಪಡೆಯಬೇಕು. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಮೋಟಾರು ವಾಹನ ಕಾಯ್ದೆಯ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿನ ನೋಂದಣಿ ಕಡ್ಡಾಯ. ಆಗ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ದೇಶದಲ್ಲೇ ಹೆಚ್ಚು ವಾಹನ ತೆರಿಗೆ ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾರಿನ ಬೆಲೆ ಮತ್ತು ವಯಸ್ಸಿನ ಮೇಲೆ ಲೆಕ್ಕ ಹಾಕುವ ಈ ಮೊತ್ತವನ್ನು ಮೊದಲೇ ತಿಳಿದುಕೊಳ್ಳದಿದ್ದರೆ, ಚೌಕಾಸಿಯಲ್ಲಿ ಉಳಿಸಿದ ಹಣ ಆರ್‌ಟಿಒ ಕೌಂಟರ್‌ನಲ್ಲಿ ಹೋಗುತ್ತದೆ.

ಸಾಲ ಬಾಕಿ, ಹಳೇ ಚಲನ್, ವಿಮೆಯ ಸ್ಥಿತಿಯನ್ನು ಪರಿವಾಹನ್ ತಾಣದಲ್ಲಿ ನೋಡಬಹುದು. ಎಂಜಿನ್, ಷಾಸಿ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ಕಣ್ಣಾರೆ ತಾಳೆ ನೋಡಿ. ಗುಜರಿಯಿಂದ ಎಂಜಿನ್ ತಂದು ಕೂರಿಸಿ, ಆರ್‌ಟಿಒ ಅನುಮತಿ ಪಡೆಯದೆ ಬಿಟ್ಟಿದ್ದರೆ ಹೊಸ ಮಾಲೀಕರೇ ಉತ್ತರ ಕೊಡಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಕಂಪನಿ ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕರ್ಕಶ ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ ಕಾರಿಗೆ ಶಬ್ದ ಮತ್ತು ವಾಯು ಮಾಲಿನ್ಯದ ಸೆಕ್ಷನ್‌ನಡಿ 10,000 ರೂಪಾಯಿವರೆಗೆ ದಂಡವಿದೆ.

ರೀಮ್ಯಾಪ್ ಕಣ್ಣಿಗೆ ಕಾಣದು. ಹಾಗೆಂದ ಮಾತ್ರಕ್ಕೆ ಸಕ್ರಮವಾಗುವುದಿಲ್ಲ. ಹೊಗೆಯ ಮಟ್ಟ ಮಿತಿ ದಾಟಿದರೆ ಅದೂ ಉಲ್ಲಂಘನೆಯೇ. ಅಪಘಾತವಾದಾಗ ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟು ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು.

ಹಣ ಮೊದಲು ಎಲ್ಲಿ ಹಾಕಬೇಕು?

ಕೈಯಲ್ಲಿ 6 ಲಕ್ಷ ಇದ್ದರೆ 6 ಲಕ್ಷದ ಕಾರು ಕೊಳ್ಳಬೇಡಿ. ಮೂರನೇ ಒಂದು ಭಾಗವನ್ನಾದರೂ ರಿಪೇರಿ, ತೆರಿಗೆ, ವಿಮೆಗೆ ತೆಗೆದಿಡಿ. ಕಾರು ಮನೆಗೆ ಬಂದ ಮೇಲೆ ಮೊದಲು ಆಯಿಲ್, ಫಿಲ್ಟರ್, ಕೂಲೆಂಟ್, ಸ್ಪಾರ್ಕ್ ಪ್ಲಗ್. ನಂತರ ಟೈರ್ ಮತ್ತು ಬ್ರೇಕ್. ಒಂದೆರಡು ಸಾವಿರ ಕಿಲೋಮೀಟರ್ ತೊಂದರೆಯಿಲ್ಲದೆ ಓಡಿದ ಮೇಲಷ್ಟೇ ಪವರ್‌ನ ಮಾತು.

ಈ ಕ್ರಮಕ್ಕೆ ಕಾರಣವಿದೆ. ಗಂಟೆಗೆ 100 ಕಿ.ಮೀ. ವೇಗದ ಕಾರಿಗಿಂತ 120 ಕಿ.ಮೀ. ವೇಗದ ಅದೇ ಕಾರನ್ನು ನಿಲ್ಲಿಸಲು ಬ್ರೇಕ್‌ಗಳು ಶೇ. 44ರಷ್ಟು ಹೆಚ್ಚು ಶಕ್ತಿಯನ್ನು ಹೀರಬೇಕು. ಎಂಜಿನ್ ಬಲ ಏರಿಸಿ ಸವೆದ ಟೈರ್, ಹಳೇ ಬ್ರೇಕ್ ಹಾಗೇ ಬಿಟ್ಟರೆ ಅಪಾಯ ಓಡಿಸುವವರಿಗಷ್ಟೇ ಅಲ್ಲ, ರಸ್ತೆ ದಾಟುವವರಿಗೂ ಹೌದು.

ವೇಗದ ಆಸೆ ತೀರಿಸಿಕೊಳ್ಳಲು ಜಾಗಗಳಿವೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕ್‌ಗಳು ಬೆಂಗಳೂರಿನಿಂದ ಒಂದು ದಿನದ ಪ್ರಯಾಣದೊಳಗೇ ಇವೆ. ಸಾಮಾನ್ಯ ವಿಮೆ ಟ್ರ್ಯಾಕ್ ಓಟಕ್ಕೆ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ರಾತ್ರಿ ಹೆದ್ದಾರಿಯಲ್ಲಿ ರೇಸ್ ಮಾಡುವುದಂತೂ ಸೆಕ್ಷನ್ 189ರಡಿ ಜೈಲಿಗೆ ದಾರಿ.

ಮಾರುವವರು ಕೋಲ್ಡ್ ಸ್ಟಾರ್ಟ್‌ಗೆ, ಸ್ಕ್ಯಾನರ್‌ಗೆ ಅಥವಾ ಲಿಫ್ಟ್ ಮೇಲೆ ಏರಿಸಲು ಒಪ್ಪದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಮುಂದಿನ ಕಾರು ನೋಡುವುದೇ ಒಳ್ಳೆಯದು.