ಎರಡು ನಾಡುಗಳ ಬಾಳುವೆಯನ್ನು ತೂಗುವ ತಕ್ಕಡಿ

ಅಮೆರಿಕದಲ್ಲಿ ಉದ್ಯೋಗಕ್ಕೆ ಸೇರಿದ ತರುಣನೊಬ್ಬನ ಸಂಬಳ ತಿಂಗಳಿಗೆ 3,000 ಡಾಲರು ಎಂದು ಕೇಳಿದೊಡನೆ ನಾವು ಮಾಡುವ ಮೊದಲ ಕೆಲಸ ಗುಣಾಕಾರ. 2017ನೆಯ ವರ್ಷದಲ್ಲಿ ಡಾಲರಿನ ಸರಾಸರಿ ವಿನಿಮಯ ದರ 65.12 ರೂಪಾಯಿ. ಆ ಲೆಕ್ಕಕ್ಕೆ ಅವನ ಸಂಬಳ 1,95,360 ರೂಪಾಯಿ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅಷ್ಟು ಹಣವುಳ್ಳವನು ಇಲ್ಲಿ ಬಾಳುವ ಬಾಳನ್ನು ಅವನು ಅಲ್ಲಿ ಬಾಳಬಲ್ಲನೆ? ಖಂಡಿತವಾಗಿ ಇಲ್ಲ. ಒಂದೂರಿನಿಂದ ಇನ್ನೊಂದೂರಿಗೆ ಹೋಗುವಷ್ಟರಲ್ಲಿ ಉದ್ದವೇ ಬದಲಾಗುವ ಅಳತೆಗೋಲಿನಿಂದ ಬಟ್ಟೆಯನ್ನು ಅಳೆದಂತೆ ಈ ಲೆಕ್ಕ.

ವಿನಿಮಯ ದರವು ಮುಖ್ಯವಾಗಿ ಗಡಿ ದಾಟಬಲ್ಲ ಸರಕುಗಳಿಗೂ ಬಂಡವಾಳದ ಓಡಾಟಕ್ಕೂ ಸಂಬಂಧಪಟ್ಟದ್ದು. ಚಿನ್ನ, ಎಣ್ಣೆ, ಯಂತ್ರಗಳು ಹಡಗೇರಿ ಹೋಗುತ್ತವೆ. ಒಂದೆಡೆ ಅವು ಅಗ್ಗವಾದರೆ ವ್ಯಾಪಾರಿಯು ಅಲ್ಲಿ ಕೊಂಡು ಇನ್ನೊಂದೆಡೆ ಮಾರುವನು. ಕ್ರಮೇಣ ಬೆಲೆಗಳು ಒಂದನ್ನೊಂದು ಸಮೀಪಿಸುವುವು. ಆದರೆ ಮನೆ ಬಾಡಿಗೆ, ಬಸ್ಸಿನ ಪ್ರಯಾಣ, ಕ್ಷೌರ ಮೊದಲಾದುವು ಹಡಗನ್ನೇರಲಾರವು. ನ್ಯೂಯಾರ್ಕಿನಲ್ಲಿ ಕ್ಷೌರ ದುಬಾರಿಯೆಂದು ಅಲ್ಲಿಯವರು ದಾವಣಗೆರೆಗೆ ಬಂದು ಕೂದಲು ಕತ್ತರಿಸಿಕೊಂಡು ಹೋಗುವುದಿಲ್ಲವಷ್ಟೆ!

ಕ್ಷೌರ ಅಲ್ಲಿ ದುಬಾರಿಯಾಗಲು ಕಾರಣವೇನು? ಎರಡೂ ಕಡೆಯ ಕ್ಷೌರಿಕರ ಕತ್ತರಿ ಒಂದೇ, ತಗಲುವ ಕಾಲವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಕ್ಷೌರದಂಗಡಿಯಲ್ಲಲ್ಲ, ಕಾರ್ಖಾನೆಯಲ್ಲಿ. ಉತ್ತಮ ಯಂತ್ರಗಳ ನೆರವಿನಿಂದ ಅಮೆರಿಕದ ಕಾರ್ಮಿಕನು ಗಂಟೆಗೆ ಬಹಳ ಹೆಚ್ಚು ಸರಕನ್ನು ತಯಾರಿಸುತ್ತಾನೆ. ಅದಕ್ಕೆ ತಕ್ಕಂತೆ ಅವನ ಕೂಲಿಯೂ ಹೆಚ್ಚು. ಕ್ಷೌರಿಕನಿಗೆ ಅದಕ್ಕೆ ಹತ್ತಿರವಾದ ಆದಾಯ ದೊರೆಯದಿದ್ದರೆ ಅವನು ಕತ್ತರಿಯನ್ನು ಕೆಳಗಿಟ್ಟು ಕಾರ್ಖಾನೆಗೆ ಹೋಗುವನು. ಆದುದರಿಂದ ಕೈಚಳಕದಲ್ಲಿ ಹೆಚ್ಚಳವಿಲ್ಲದಿದ್ದರೂ ಅವನ ದರ ಏರಲೇಬೇಕು. ಈ ವಿವರಣೆಯನ್ನು ಬೇಲಾ ಬಲಾಷಾ ಮತ್ತು ಪಾಲ್ ಸ್ಯಾಮುಯಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಬೇರೆ ಬೇರೆಯಾಗಿ ಮುಂದಿಟ್ಟರು.

ಹಾಗಾದರೆ ಸರಿಯಾದ ಅಳತೆಗೋಲು ಯಾವುದು? ಒಂದೇ ಬಗೆಯ ಸರಕುಗಳ ಬುಟ್ಟಿಯೊಂದನ್ನು ಎರಡೂ ದೇಶಗಳಲ್ಲಿ ಕೊಂಡು, ಅಲ್ಲಿ ಒಂದು ಡಾಲರಿಗೆ ದೊರೆಯುವುದು ಇಲ್ಲಿ ಎಷ್ಟು ರೂಪಾಯಿಗೆ ದೊರೆಯುತ್ತದೆಂದು ನೋಡಬೇಕು. ಇದೇ ಕ್ರಯಶಕ್ತಿ ಸಮತೆ. ಸ್ವೀಡನ್ನಿನ ಗುಸ್ತಾವ್ ಕಾಸೆಲ್ 1918ರಲ್ಲಿ ಇದಕ್ಕೆ ಹೆಸರಿಟ್ಟನು. 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯಗಳ ಸಹಯೋಗದಿಂದ ಇಂಥ ಅಳತೆಯ ಅಂತರರಾಷ್ಟ್ರೀಯ ಕಾರ್ಯ ಆರಂಭವಾಯಿತು. 2017ರ ಅಳತೆಯಂತೆ ಡಾಲರಿಗೆ 20.65 ರೂಪಾಯಿ. ನಮ್ಮ ತರುಣನ 3,000 ಡಾಲರು ಈಗ 61,950 ರೂಪಾಯಿಗೆ ಇಳಿಯಿತು! ಇಲ್ಲೊಂದು ಸೂಕ್ಷ್ಮವಿದೆ. ಅವನು 2,400 ಡಾಲರನ್ನು ಅಲ್ಲಿಯೇ ಖರ್ಚುಮಾಡಿ 600ನ್ನು ಮನೆಗೆ ಕಳುಹಿಸಿದನೆನ್ನಿ. ಅಲ್ಲಿ ಖರ್ಚಾದುದನ್ನು 20.65ರಿಂದಲೂ ಇಲ್ಲಿಗೆ ಬಂದುದನ್ನು 65.12ರಿಂದಲೂ ಗುಣಿಸಬೇಕು: 49,560 ಮತ್ತು 39,072, ಒಟ್ಟು 88,632. ವಿದೇಶಕ್ಕೆ ಹೊರಡುವ ವಿದ್ಯಾರ್ಥಿಗಳು ಸಂಬಳದ ಜೊತೆಗೆ ಉಳಿತಾಯವನ್ನೂ ವಿಚಾರಿಸುವುದು ಲೇಸು.

ಬುಟ್ಟಿಯಲ್ಲಿ ಏನನ್ನು ಇಡಬೇಕೆಂಬುದೇ ನಿಜವಾದ ತೊಡಕು. ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ಮೊದಲನೆಯ ಊರಿನಲ್ಲಿ ಅಕ್ಕಿ ಕಿಲೋಗ್ರಾಮಿಗೆ 60 ರೂಪಾಯಿ, ರಾಗಿ 30. ಅಲ್ಲಿಯ ಸಂಸಾರ ತಿಂಗಳಿಗೆ 5 ಕಿಲೋ ಅಕ್ಕಿ, 20 ಕಿಲೋ ರಾಗಿ ಬಳಸುತ್ತದೆ. ಖರ್ಚು 900. ಎರಡನೆಯ ಊರಿನಲ್ಲಿ ಅಕ್ಕಿ 40, ರಾಗಿ 60. ಬಳಕೆ 20 ಕಿಲೋ ಅಕ್ಕಿ, 5 ಕಿಲೋ ರಾಗಿ. ಖರ್ಚು 1,100. ಮೊದಲಿನವರು ತಮ್ಮ ಬುಟ್ಟಿಯನ್ನು ಎರಡನೆಯ ಊರಿನಲ್ಲಿ ತುಂಬಿದರೆ 1,400 ರೂಪಾಯಿ ಬೇಕು. ಎಂದರೆ ಆ ಊರು ಶೇಕಡಾ 56ರಷ್ಟು ದುಬಾರಿ. ಎರಡನೆಯವರ ಬುಟ್ಟಿಗೆ ಮೊದಲನೆಯ ಊರಿನಲ್ಲಿ 1,350 ರೂಪಾಯಿ ತಗಲುತ್ತದೆ. ಈ ಲೆಕ್ಕಕ್ಕೆ ಅದೇ ಎರಡನೆಯ ಊರು ಶೇಕಡಾ 19ರಷ್ಟು ಅಗ್ಗ! ಎರಡೂ ಲೆಕ್ಕಗಳು ಸರಿಯೇ. ತಮ್ಮ ಊಟವನ್ನೇ ಪ್ರಮಾಣವಾಗಿಟ್ಟುಕೊಂಡವರಿಗೆ ಪರಸ್ಥಳವೆಲ್ಲ ದುಬಾರಿಯಾಗಿ ಕಾಣುವುದು ಸಹಜ. ಮೊದಲ ಬಗೆಯ ಸೂಚ್ಯಂಕಕ್ಕೆ ಲಾಸ್ಪೆಯರ್ ಎಂಬವನ ಹೆಸರೂ ಎರಡನೆಯದಕ್ಕೆ ಪಾಶೆ ಎಂಬವನ ಹೆಸರೂ ನಿಂತಿವೆ. ಅಮೆರಿಕದ ಇರ್ವಿಂಗ್ ಫಿಷರ್ ಎರಡರ ಗುಣೋತ್ತರ ಸರಾಸರಿಯನ್ನು ತೆಗೆದುಕೊಳ್ಳಬೇಕೆಂದನು. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 1.13.

ಇದು ಕೇವಲ ಗಣಿತದ ವಿನೋದವಲ್ಲ. 2005ರ ಬೆಲೆಗಳ ಹೊಸ ಸಮೀಕ್ಷೆ 2007ರ ಕೊನೆಯಲ್ಲಿ ಹೊರಬಿದ್ದಾಗ, ಭಾರತ ಮತ್ತು ಚೀನಗಳ ಒಟ್ಟು ಉತ್ಪನ್ನದ ಅಂದಾಜು ಐದರಲ್ಲಿ ಸುಮಾರು ಎರಡು ಪಾಲಿನಷ್ಟು ಕುಗ್ಗಿತು. ವಿಶ್ವಬ್ಯಾಂಕು ಬಡತನದ ರೇಖೆಯನ್ನು ದಿನಕ್ಕೆ 1.25 ಡಾಲರಿಗೆ ಬದಲಿಸಿ ಹೊಸ ಅಳತೆಯಿಂದ ಎಣಿಸಿದಾಗ, ನೂರು ಕೋಟಿಯ ಆಸುಪಾಸಿನಲ್ಲಿದ್ದಾರೆಂದು ತಿಳಿದಿದ್ದ ಕಡುಬಡವರ ಸಂಖ್ಯೆ 140 ಕೋಟಿಯಾಯಿತು. ಯಾರ ತಟ್ಟೆಯಿಂದಲೂ ಒಂದು ತುತ್ತು ಕಡಮೆಯಾಗಿರಲಿಲ್ಲ. ಬದಲಾದದ್ದು ತಕ್ಕಡಿ ಮಾತ್ರ.

ಪತ್ರಿಕೆಗಳಲ್ಲಿ ಬರುವ ಗ್ರಾಹಕ ಬೆಲೆ ಸೂಚ್ಯಂಕವನ್ನು ಈ ಕೆಲಸಕ್ಕೆ ಬಳಸುವವರೂ ಉಂಟು. ಅದು ಸಲ್ಲದು. ಕೈಗಾರಿಕಾ ಕಾರ್ಮಿಕರ ಸೂಚ್ಯಂಕದಲ್ಲಿ ಪ್ರತಿ ಕೇಂದ್ರವೂ 2016ರ ತನ್ನದೇ ಬೆಲೆಯನ್ನು 100 ಎಂದು ಇಟ್ಟುಕೊಂಡಿದೆ. ಬೆಂಗಳೂರಿನ ಅಂಕಿ ಚೆನ್ನೈಯದಕ್ಕಿಂತ ದೊಡ್ಡದಾದರೆ, ಇಲ್ಲಿ ಬೆಲೆ ಹೆಚ್ಚು ವೇಗದಿಂದ ಏರಿತೆಂದು ಅರ್ಥವೇ ಹೊರತು ಬೆಲೆಯೇ ಹೆಚ್ಚೆಂದಲ್ಲ.

ಇಷ್ಟಾದರೂ ಬೆಲೆಯ ಅಳತೆಗೆ ಸಿಕ್ಕದ ಸಂಗತಿಗಳು ಉಳಿಯುತ್ತವೆ. 2022–23ರಲ್ಲಿ ಕರ್ನಾಟಕದ ತಲಾ ಆದಾಯ ಕೇರಳದ್ದಕ್ಕಿಂತ ಹೆಚ್ಚು. ಆದರೆ 2020ರಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ಸತ್ತವರು ಕರ್ನಾಟಕದಲ್ಲಿ 19, ಕೇರಳದಲ್ಲಿ 6. ಇಂಥದನ್ನು ಗಣನೆಗೆ ತರಲೆಂದೇ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನರ ನೆರವಿನಿಂದ ರೂಪಿಸಿದ ಮಾನವ ಅಭಿವೃದ್ಧಿ ಸೂಚ್ಯಂಕ 1990ರಲ್ಲಿ ಪ್ರಕಟವಾಯಿತು. ಆಯುಷ್ಯ, ವಿದ್ಯೆ, ಆದಾಯ ಇವು ಮೂರು ಅದರ ಅಂಗಗಳು; ಆದಾಯವನ್ನು ಕ್ರಯಶಕ್ತಿ ಸಮತೆಯಿಂದಲೇ ಅಳೆಯುತ್ತಾರೆ. ಮೊದಲು ಈ ಮೂರನ್ನು ಕೂಡಿಸಿ ಮೂರರಿಂದ ಭಾಗಿಸುತ್ತಿದ್ದರು; ಆಗ ಹೆಚ್ಚಿನ ಆದಾಯವು ಆಯುಷ್ಯದ ಕೊರತೆಯನ್ನು ಸುಲಭವಾಗಿ ಮುಚ್ಚಿಬಿಡುತ್ತಿತ್ತು. 2010ರಿಂದ ಮೂರನ್ನೂ ಗುಣಿಸಿ ಘನಮೂಲವನ್ನು ತೆಗೆಯುತ್ತಾರೆ. ಈ ಲೆಕ್ಕದಲ್ಲಿ ಮೂರರಲ್ಲಿ ಯಾವುದೊಂದು ಸೊನ್ನೆಯಾದರೂ ಒಟ್ಟು ಫಲ ಸೊನ್ನೆಯೇ.